ರಾತ್ರಿ ಪಾಳಿಯ ಅಕ್ಕ: ಏಳು ತಿಂಗಳ ಅನುಭವ

ವಿಜಯಪುರದ ಒಂದು ಏಜೆನ್ಸಿಯಿಂದ ಅವ್ವನಿಗೆ ರಾತ್ರಿ ಆರೈಕೆಯವರನ್ನು ಇಟ್ಟುಕೊಂಡಿದ್ದೆವು. ರಾತ್ರಿ 8ರಿಂದ ಬೆಳಿಗ್ಗೆ 8, ತಿಂಗಳಿಗೆ 18,000. ನಮ್ಮಂಥವರಿಗೆ ಜಾಸ್ತಿನೇ. ಆದರೆ ಕ್ಯಾನ್ಸರ್‌ಗೆ ಇನ್ನು ಚಿಕಿತ್ಸೆ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು.

ಮೊದಲ ತಿಂಗಳು ಮೂವರು ಬದಲಾದರು. ಒಬ್ಬಳು ರಾತ್ರಿಯಿಡೀ ಮೊಬೈಲು. ಇನ್ನೊಬ್ಬಳು ಹೇಳದೆ ಕೇಳದೆ ಬಿಟ್ಟಳು. ಏಜೆನ್ಸಿಗೆ ಫೋನ್ ಮಾಡಿದರೆ ಒಂದೇ ಮಾತು, ‘ನಾಳೆ ಕಳಿಸ್ತೀವ್ರಿ’. ಆ ನಾಳೆ ಬರುವವರೆಗೆ ನಾನೂ ಹೆಂಡತಿಯೂ ಪಾಳಿ ಹಚ್ಚಿ ಕೂತೆವು.

ನಾಲ್ಕನೆಯವರು ತಿಕೋಟಾ ಕಡೆಯ ಅಕ್ಕ. ಬಂದವರೇ ಕೈ ತೊಳೆದುಕೊಂಡು ಅವ್ವನ ಹಿಮ್ಮಡಿ ನೋಡಿದರು. ಕೆಂಪಾಗಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಲು ಹೋದೆ, ತಡೆದರು. ಕೆಂಪಾದ ಜಾಗ ತಿಕ್ಕಿದರೆ ಹುಣ್ಣು ಬೇಗ ಆಗುತ್ತದಂತೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲು. ಕರೆಂಟಿನಿಂದ ಗಾಳಿ ತುಂಬುವ ಏರ್ ಬೆಡ್ ಇದೆಯಲ್ಲ ಅಂದರೆ, ‘ಕರೆಂಟ್ ಹೋದ್ರ ಅದೂ ಬರೀ ಹಾಸಿಗೀನರಿ’ ಅಂದರು. ನಮ್ಮ ಮೇ ತಿಂಗಳ ಕರೆಂಟು ಗೊತ್ತಲ್ಲ. ನೋವು ತಗ್ಗಲು ಮೈಗೆ ಅಂಟಿಸುವ ಪ್ಯಾಚ್ 72 ತಾಸಿಗೊಮ್ಮೆ ಬದಲಿಸಬೇಕು, ಅದಕ್ಕೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಅವರದೇ ಗುರುತು.

ರಾತ್ರಿ ನೀರಿಗೆ ಎದ್ದಾಗ ಸುಮ್ನೆ ನಿಂತು ನೋಡುತ್ತಿದ್ದೆ. ಹತ್ತಿ ಒದ್ದೆ ಮಾಡಿ, ಹಿಂಡಿ, ಅವ್ವನ ತುಟಿಗೆ ಒತ್ತುವರು. ಮೇಲೆ ಒಂಚೂರು ತುಪ್ಪ. ತಿರುಗಿಸುವ ಮೊದಲು ಪ್ರತಿ ಸಲ, ‘ಯವ್ವಾ, ಈಗ ಗ್ವಾಡಿ ಕಡೆ ಹೊಳ್ಳೂಣೇನು?’ ಅವ್ವ ಮಾತು ಬಿಟ್ಟು ಹತ್ತು ದಿನವಾಗಿತ್ತು. ಆದರೂ ಕೇಳಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಕೈ ಹಾಕುವರು.

ಜಗಳ ಆದದ್ದು ಊಟಕ್ಕೆ. ಅವ್ವ ಬಾಯಿ ಬಿಡದಿದ್ದರೂ ನಾನು ಅಂಬಲಿ ಹಾಕುತ್ತಿದ್ದೆ. ‘ಅಣ್ಣಾರ, ಒತ್ತಾಯ ಮಾಡಬ್ಯಾಡ್ರಿ, ನೆತ್ತಿಗೆ ಹತ್ತತೈತಿ’ ಅಂದರು. ಹೆತ್ತವ್ವನ್ನ ಉಪವಾಸ ಕೆಡವಲೇನು ಅಂತ ರೇಗಿದೆ. ಮರುದಿನ ಡಾಕ್ಟರೂ ಅದನ್ನೇ ಹೇಳಿದರು. ಕೊನೆಗಾಲದಲ್ಲಿ ಹಸಿವು ತಾನಾಗೇ ಹೋಗುತ್ತದೆ, ಉಣಿಸಿದ್ದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ತ್ರಾಸು. ತಪ್ಪಾಯ್ತು ಅನ್ನಲು ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ಅಕ್ಕನಿಗೆ ಚಹಾ ನಾನೇ ಮಾಡಿ ಕೊಟ್ಟೆ.

ಇಷ್ಟಕ್ಕೆ ಅವರ ಕೈಗೆ ಬರುತ್ತಿದ್ದದ್ದು 10,000. ವಾರದ ರಜೆಯೂ ಇಲ್ಲ. ಉಳಿದ 8,000 ಯಾತಕ್ಕೆ ಅಂದರೆ, ತರಬೇತಿ ಕೊಟ್ಟಿದ್ದೇವೆ ಅಂದರು ಏಜೆನ್ಸಿಯವರು. ಅಕ್ಕ ಇದನ್ನೆಲ್ಲ ಕಲಿತದ್ದು ತಮ್ಮ ಅತ್ತೆಯನ್ನು ಮೂರು ವರ್ಷ ನೋಡಿಕೊಂಡು.

ಅವ್ವ ಹೋದದ್ದು ತಿಂಗಳ 21ಕ್ಕೆ. ಮುಂಗಡ ಕೊಟ್ಟಿದ್ದ 9 ದಿನದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಏಜೆನ್ಸಿಗೆ ಎರಡು ಸ್ಟಾರ್, ಅದೂ ನಾಲ್ಕನೇ ಸಲಕ್ಕಾದರೂ ಸರಿಯಾದವರನ್ನು ಕಳಿಸಿದರಲ್ಲ ಅಂತ. ನೀವು ಯಾರನ್ನಾದರೂ ಕರೆಸುವುದಾದರೆ ಮುಂಗಡದ ಲೆಕ್ಕ ಬರೆಸಿಕೊಳ್ಳಿ. ಬರುವವರ ಕೈಗೆ ಎಷ್ಟು ಸಿಗುತ್ತದೆ ಅಂತ ಮೊದಲ ದಿನವೇ ಕೇಳಿ. ನಾನು ಕೇಳಿದ್ದು ಆರನೇ ತಿಂಗಳಿಗೆ.