ಕುಕ್ಕರ್ ವೈರಿಗೆ ಕಚ್ಚು ಹಾಕಿಸಿಕೊಂಡು ಬಂದವಳು ನಾನೇ

ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ. ಅಂಗಡಿ ಹುಡುಗ ವೈರಿನ ತುದಿಗೆ ಚಾಕು ಹಾಕುವಾಗ ನಾನು ಎದುರಿಗೇ ನಿಂತಿದ್ದೆ. ಬೇಡ ಅನ್ನಲಿಲ್ಲ. ಸಾಲದ್ದಕ್ಕೆ, "ಇನ್ನೊಂಚೂರು ಕೊರಿಯಪ್ಪ, ಪೂರ್ತಿ ಒಳಗೆ ಹೋಗಲಿ" ಅಂತ ಹೇಳಿದವಳೂ ನಾನೇ.

ಮನೆ ಬದಲಿಸಿದಾಗ ನಮ್ಮ ಎಲೆಕ್ಟ್ರಿಕ್ ಕುಕ್ಕರಿನ ವೈರ್ ಕಳೆದುಹೋಯ್ತು. ಕುಕ್ಕರ್ ಬಂತು, ಅದರ ಅಳತೆ ಲೋಟ ಬಂತು, ಯಾವತ್ತೂ ಬಳಸದ ಪ್ಲಾಸ್ಟಿಕ್ ಸೌಟೂ ಬಂತು. ವೈರ್ ಮಾತ್ರ ಇಲ್ಲ. ಹಾಸಿಗೆ ಗಂಟು, ಪಾತ್ರೆ ಚೀಲ, ದೇವರ ಸಾಮಾನಿನ ಡಬ್ಬ ಎಲ್ಲಾ ಹುಡುಕಿದ್ದಾಯ್ತು. ಹೊಸ ಮನೆಯಲ್ಲಿ ಗ್ಯಾಸ್ ಕನೆಕ್ಷನ್ ವರ್ಗ ಆಗೋವರೆಗೆ ಮೂರು ಹೊತ್ತೂ ಆ ಕುಕ್ಕರೇ ಗತಿ.

ಮನೆಯವರ ಕಂಪ್ಯೂಟರ್ ವೈರ್ ನೋಡೋಕೆ ಥೇಟ್ ಅದೇ ಥರ ಇತ್ತು. ಹಾಕಿ ನೋಡಿದೆ, ಅರ್ಧಕ್ಕೆ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಕುಕ್ಕರಿನ ಕಿಂಡಿಯ ಒಂದು ಬದಿಯಲ್ಲಿ ಸಣ್ಣದೊಂದು ಉಬ್ಬು, ಅಕ್ಕಿಕಾಳಿನಷ್ಟು. ಅದೇ ಅಡ್ಡ ಬರ್ತಿತ್ತು. ಕುಕ್ಕರನ್ನೇ ಚೀಲಕ್ಕೆ ಹಾಕಿಕೊಂಡು ಹತ್ತಿರದ ಅಂಗಡಿಗೆ ಹೋದೆ. ಆ ಹುಡುಗ ಕೌಂಟರಿನ ಕೆಳಗಿಂದ ಕಂಪ್ಯೂಟರ್ ವೈರುಗಳ ಒಂದು ಪೆಟ್ಟಿಗೆ ಎಳೆದ. "ಎಲ್ಲಾ ಒಂದೇ ಅಕ್ಕ, ಕಂಪನಿಯೋರು ಅವರ ವೈರೇ ತಗೊಳ್ಲಿ ಅಂತ ಹಿಂಗೆ ಮಾಡಿರ್ತಾರೆ" ಅಂದ. ಒಂದು ವೈರಿನ ಕನೆಕ್ಟರಿಗೆ, ಅಂದ್ರೆ ಕುಕ್ಕರಿನೊಳಗೆ ಕೂರುವ ತುದಿಗೆ, ಒಂದು ಕಚ್ಚು ಹಾಕಿ ಕುಕ್ಕರಿಗೆ ಒತ್ತಿದ. ದೀಪ ಹತ್ತಿತು. 120 ರೂಪಾಯಿ.

ಹತ್ತು ಹನ್ನೆರಡು ದಿನ ಅನ್ನ, ಬೇಳೆ, ಬಿಸಿಬೇಳೆಬಾತ್ ಎಲ್ಲಾ ಆಯ್ತು. ಕನೆಕ್ಟರ್ ಮುಟ್ಟಿದರೆ ಬಿಸಿ ಇರ್ತಿತ್ತು. ಕುಕ್ಕರೇ ಬಿಸಿಯಾಗುವ ವಸ್ತು, ಅದರ ವೈರೂ ಬಿಸಿಯಾಗೋದು ಸಹಜ ಅಂದುಕೊಂಡೆ. ನನ್ನ ಇಡೀ ತಪ್ಪಿನಲ್ಲಿ ಇದೇ ದೊಡ್ಡದು.

ಆವತ್ತು ಬೆಳಿಗ್ಗೆ ಕುಕ್ಕರ್ ಹಚ್ಚಿ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದೆ. ನಮ್ಮತ್ತೆ ಸಿಂಕಿನಲ್ಲಿ ಸೊಪ್ಪು ತೊಳೀತಿದ್ದವರು ಒದ್ದೆ ಕೈಯಲ್ಲೇ ಕುಕ್ಕರನ್ನು ಪಕ್ಕಕ್ಕೆ ಸರಿಸಲು ಹೋಗಿದ್ದಾರೆ. "ಅಯ್ಯೋ, ಎಳೀತಲ್ಲೇ ಇದು!" ಅನ್ನೋ ಕೂಗು ಟೆರೇಸಿಗೆ ಕೇಳಿಸ್ತು. ಓಡಿ ಬಂದರೆ ಅವರು ಬಾಗಿಲ ಹತ್ತಿರ ಮೊಣಕೈ ತಿಕ್ಕಿಕೊಳ್ತಾ ನಿಂತಿದ್ದರು. ಅಡುಗೆಮನೆ ತುಂಬಾ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೊದಲು ಮೇನ್ ಸ್ವಿಚ್ ಇಳಿಸಿದೆ. ಆಮೇಲೆ ಪ್ಲಗ್ ಕಿತ್ತೆ. ಕುಕ್ಕರಿನ ಕಡೆಯ ತುದಿ ಮಾತ್ರ ಬರಲೇ ಇಲ್ಲ. ಕರಗಿ ಪಿನ್ನುಗಳಿಗೆ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಅತ್ತೆಗೆ ಏನೂ ಆಗಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ನಮ್ಮ ಪುಣ್ಯ.

ಎಲೆಕ್ಟ್ರಿಷಿಯನ್ ಬಂದವರು ಹಿರಿಯರು. ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಕುಕ್ಕರಿನ ಲೋಹದ ಮೈಗೆ ಇಟ್ಟರು. ಎರಡರ ನಡುವೆ ದಾರಿ ಇದ್ದರೆ ಬರಬೇಕಾದ ಬೀಪ್ ಬರಲಿಲ್ಲ. ವೈರ್ ಕತ್ತರಿಸಿ ಸಿಪ್ಪೆ ಸುಲಿದರು. ಒಳಗೆ ಎರಡೇ ಎಳೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಎಳೆ, ಅಂದ್ರೆ ಅರ್ತ್, ಇಲ್ಲವೇ ಇಲ್ಲ! ಮೂರನೇ ಪಿನ್ ಬರೀ ಬೊಂಬೆ. ಆಮೇಲೆ ತಾಮ್ರದ ಬಣ್ಣದ ತಂತಿಗಳನ್ನು ಬ್ಲೇಡಿನಲ್ಲಿ ಕೆರೆದು ನನ್ನ ಅಂಗೈ ಮೇಲಿಟ್ಟರು. ಒಳಗೆ ಬೆಳ್ಳಗೆ ಹೊಳೀತಿತ್ತು. "ನೋಡಮ್ಮ, ಅಲ್ಯೂಮಿನಿಯಂಗೆ ತಾಮ್ರದ ಲೇಪ. ಪುಣ್ಯಕ್ಕೆ ಕುಕ್ಕರ್ರು, ಗೀಸರ್ ಆಗಿದ್ರೆ?" ಅಂದರು.

ಅಲ್ಯೂಮಿನಿಯಂ ವಿದ್ಯುತ್ ಹರಿಸುವ ಶಕ್ತಿ ತಾಮ್ರದ ಶೇ. 60ರಷ್ಟು. ಅಷ್ಟೇ ಕೆಲಸಕ್ಕೆ ಇನ್ನೂ ದಪ್ಪ ಎಳೆ ಬೇಕು. ಇದು ಮಾಮೂಲಿಗಿಂತ ತೆಳ್ಳಗಿತ್ತು. ಕುಕ್ಕರಿನ ತಳದಲ್ಲಿ 1000 ವ್ಯಾಟ್, 230 ವೋಲ್ಟ್ ಅಂತ ಬರೆದಿದೆ. ಭಾಗಿಸಿದರೆ 4.3 ಆಂಪ್. ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಅಂದ್ರೆ ಮನೆಯ ಎಂಸಿಬಿ, 16 ಆಂಪಿನದು. ಕನೆಕ್ಟರ್ ಸಡಿಲವಾಗಿ ಕಾದು ಕರಗುತ್ತಿದ್ದರೂ ಹರಿಯುವ ಕರೆಂಟ್ ಅದೇ ನಾಲ್ಕು ಆಂಪು ಚಿಲ್ಲರೆ, ಹಾಗಾಗಿ ಎಂಸಿಬಿ ಬೀಳುವ ಪ್ರಶ್ನೆಯೇ ಇಲ್ಲ. ಸೋರಿಕೆಯಾದರೆ ಕಟ್ ಮಾಡುವ ಆರ್‌ಸಿಸಿಬಿ ನಮ್ಮ ಬಾಡಿಗೆ ಮನೆಯಲ್ಲಿ ಇರಲಿಲ್ಲ. ಅರ್ತ್ ಇದ್ದಿದ್ದರೆ ಕುಕ್ಕರಿನ ಮೈಗೆ ಬಂದ ಕರೆಂಟ್ ಅದರಲ್ಲೇ ಇಳಿದು ಹೋಗ್ತಿತ್ತು, ನಮ್ಮತ್ತೆಯ ಕೈ ಹುಡುಕ್ತಿರಲಿಲ್ಲ.

ಇನ್ನು ಆ ಅಕ್ಕಿಕಾಳಿನಷ್ಟು ಉಬ್ಬು. ಅದು ಕಂಪನಿಯವರ ಕಿತಾಪತಿ ಅಲ್ಲ, ಬೇಕಂತಲೇ ಇಟ್ಟ ತಡೆ. ಕಂಪ್ಯೂಟರಿಗೆ ಬರುವ ಮಾಮೂಲಿ ಕನೆಕ್ಟರ್ ಅನ್ನು ಪಿನ್ನಿನ ಹತ್ತಿರ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾಡಿರ್ತಾರೆ. ಕೆಟಲ್, ಕುಕ್ಕರಿನಂಥ ಬಿಸಿ ಸಾಮಾನಿಗೆ 120 ಡಿಗ್ರಿ ತಡೆಯುವ ಬೇರೆ ಜಾತಿ ಇದೆ, ಅದಕ್ಕೆ ಹುಟ್ಟುತ್ತಲೇ ಒಂದು ಕಚ್ಚು ಇರುತ್ತೆ. ಕಚ್ಚಿರುವ ವೈರ್ ಕಂಪ್ಯೂಟರಿಗೂ ಕೂರುತ್ತೆ. ಕಚ್ಚಿಲ್ಲದ್ದು ಕುಕ್ಕರಿಗೆ ಕೂರಬಾರದು. ಅಂಥ ಬೀಗವನ್ನು ನಾವು ಚಾಕು ಹಾಕಿ ಒಡೆದಿದ್ವಿ.

ವೈರ್ ಕಳಕೊಂಡವರು ಮೊದಲು ಸಾಮಾನಿನ ತಳ ತಿರುವಿ ಮಾಡೆಲ್ ನಂಬರ್, ವ್ಯಾಟ್ ಫೋಟೋ ತೆಗೆದುಕೊಂಡು ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲೇ ಕೇಳಿ. ನನಗೆ ಅಲ್ಲೇ ಸಿಕ್ಕಿತು, 380 ರೂಪಾಯಿ. ನಾಲ್ಕು ದಿನ ಕಾಯಿಸಿದರು ಅಷ್ಟೆ. ಹೊರಗೆ ಕೊಳ್ಳಲೇಬೇಕಾದರೆ ಕನೆಕ್ಟರಿನ ಮೇಲೆ 10 ಆಂಪ್, 250 ವೋಲ್ಟ್ ಅಂತ ಅಚ್ಚಾಗಿದೆಯಾ ನೋಡಿ. ವೈರಿನ ಮೈಮೇಲೆ ಎಷ್ಟು ಎಳೆ, ಎಷ್ಟು ದಪ್ಪ ಅಂತ ಬರೆದಿರಬೇಕು. ನನ್ನ ಹೊಸದರಲ್ಲಿ ಮೂರು ಎಳೆ, 0.75 ಚದರ ಮಿಲಿಮೀಟರ್. ಏನೂ ಬರೆದಿಲ್ಲದ ಬೋಳು ವೈರನ್ನು ಅಲ್ಲೇ ಬಿಟ್ಟು ಬನ್ನಿ. ಪ್ಲಗ್ಗಿನ ಮೇಲೆ ಐಎಸ್‌ಐ ಗುರುತಿನ ಜೊತೆ ಪ್ಲಗ್ಗುಗಳ ಮಾನದಂಡದ ನಂಬರ್ ಐಎಸ್ 1293 ಅಂತಲೂ, ಲೈಸೆನ್ಸ್ ನಂಬರೂ ಇರುತ್ತೆ. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನದು ಅಂತ ತೋರಿಸುತ್ತೆ. ಬರೀ ಗುರುತು ಅಚ್ಚೊತ್ತೋದು ಯಾರಿಗೂ ಕಷ್ಟವಲ್ಲ. ಅಂಗಡಿಯಲ್ಲಿ ಮಲ್ಟಿಮೀಟರ್ ಇದ್ದರೆ, ಅರ್ತ್ ಪಿನ್ನಿಂದ ಅರ್ತ್ ತೂತಿಗೆ ಬೀಪ್ ಬರುತ್ತಾ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ದೊಡ್ಡ ಕೆಟಲ್ ಇರುವವರಿಗೆ ಇನ್ನೊಂದು ಮಾತು. 1500 ವ್ಯಾಟಿನದು 6.5 ಆಂಪ್ ಎಳೆಯುತ್ತೆ, ನಮ್ಮ ಸಣ್ಣ ಸಾಕೆಟ್ ಇರೋದೇ 6 ಆಂಪಿಗೆ. ಕೆಟಲ್ಲಿಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಇದ್ದರೆ ಕನ್ವರ್ಶನ್ ಪ್ಲಗ್ ಹಾಕಿ ಸಣ್ಣದಕ್ಕೆ ಇಳಿಸಬೇಡಿ. ಅಮೆರಿಕದಿಂದ ಬಂದವರು ಬಿಟ್ಟುಹೋದ ವೈರನ್ನು "ಫಾರಿನ್ ಕ್ವಾಲಿಟಿ" ಅಂತ ಹಾಕೋದೂ ಬೇಡ. ಅಲ್ಲಿನ ಪ್ಲಗ್ಗುಗಳ ಮೇಲೆ 125 ವೋಲ್ಟ್ ಅಂತ ಬರೆದಿರುತ್ತೆ, ನಮ್ಮಲ್ಲಿ ಬರೋದು 230. ರೌಟರ್, ಟ್ರಿಮ್ಮರಿನ ಅಡಾಪ್ಟರ್ ಕಳೆದರೆ ಲೆಕ್ಕವೇ ಬೇರೆ: ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚು, ಪ್ಲಸ್ ಮೈನಸ್ ತಿರುವುಮುರುವು ಆಗಿರಬಾರದು.

ಕುಕ್ಕರಿನ ಸುಟ್ಟ ಕಿಂಡಿ ಬದಲಿಸಿ, ಎಲಿಮೆಂಟ್ ಪರೀಕ್ಷೆ ಮಾಡಿಸಲು ಸರ್ವೀಸ್ ಸೆಂಟರಿನಲ್ಲಿ 650 ಆಯ್ತು.

ಕರಗಿದ ತುಂಡನ್ನು ಕವರಿನಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ಹುಡುಗ ಇರಲಿಲ್ಲ, ಯಜಮಾನರಿದ್ದರು. ವಾದ ಮಾಡಲಿಲ್ಲ, ಗಲ್ಲಾಪೆಟ್ಟಿಗೆ ತೆರೆದು 120 ರೂಪಾಯಿ ಎಣಿಸಿ ಕೊಟ್ಟರು. "ಮಿಕ್ಕ ವೈರುಗಳನ್ನ ಏನ್ಮಾಡ್ತೀರಿ?" ಅಂತ ಕೇಳಿದೆ. "ಅವು ಕಂಪ್ಯೂಟರಿಗೆ ಹೋಗ್ತವೆ ಬಿಡಿ ಮೇಡಂ" ಅಂದರು. ಪೆಟ್ಟಿಗೆ ಕೌಂಟರಿನ ಕೆಳಗೆ ಹಾಗೇ ಇತ್ತು, ಮೇಲೆ ಆ ಚಾಕು.