ಚಾಕೊಲೇಟ್ ಸ್ಟೌಟ್: ಬ್ರೂಕ್ಲಿನ್ ಬ್ಲ್ಯಾಕೋ, ಯಂಗ್ಸ್ ಡಬಲ್ಲೋ?

ಸ್ಟೌಟ್ ಎಂದರೆ ಕಡುಗಪ್ಪು ಬಿಯರ್. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್‌ನಲ್ಲಿ ಚಾಕೊಲೇಟೇ ಇಲ್ಲ. ಆ ರುಚಿ ಕಪ್ಪಗೆ ಹುರಿದ ಮಾಲ್ಟಿನದು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ್ದು. ಇಂಗ್ಲೆಂಡಿನ ಯಂಗ್ಸ್ ಡಬಲ್ ಚಾಕೊಲೇಟ್‌ಗೆ ಚಾಕೊಲೇಟ್ ಮಾಲ್ಟ್ (ಚಾಕೊಲೇಟ್ ಬಣ್ಣಕ್ಕೆ ಹುರಿದ ಮಾಲ್ಟ್) ಜೊತೆ ನಿಜವಾದ ಡಾರ್ಕ್ ಚಾಕೊಲೇಟೂ ಬೀಳುತ್ತದೆ.

ಮದ್ಯಾಂಶ ಮೊದಲನೆಯದರಲ್ಲಿ ಶೇ. 10, ಎರಡನೆಯದರಲ್ಲಿ ಶೇ. 5.2. ಹಾಗಾಗಿ ಕುಡಿಯುವ ಕ್ರಮವೇ ಬೇರೆ. ಬ್ರೂಕ್ಲಿನ್ ಅನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಬಿಡಿ, 12–13 ಡಿಗ್ರಿಗೆ ಬರಲಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ, ಸುಟ್ಟ ಕಹಿಯಷ್ಟೇ ನಾಲಿಗೆಗೆ ಸಿಗುತ್ತದೆ. ಹೆಚ್ಚು ಬೆಚ್ಚಗಾದರೆ ಮದ್ಯದ ಖಾರ ಗಂಟಲಿಗೆ ಹೊಡೆಯುತ್ತದೆ. ಬಾಯಿ ಕಿರಿದಾದ ಗ್ಲಾಸಿನಲ್ಲಿ 150 ಮಿ.ಲೀ. ಧಾರಾಳ.

ಯಂಗ್ಸ್ 8–10 ಡಿಗ್ರಿಯಲ್ಲೇ ಚೆನ್ನ. ನೈಟ್ರೋಜನ್ ಅನಿಲ ಸೇರಿಸಿದ ಕ್ಯಾನ್ ಸಿಕ್ಕರೆ ಅದನ್ನೇ ಕೊಳ್ಳಿ: ಒಂದೇ ಸಲಕ್ಕೆ ಜೋರಾಗಿ ಸುರಿದರೆ ಕೆನೆಯಂಥ ನೊರೆ ಕಟ್ಟುತ್ತದೆ. ಬಾಟಲಿಯದು ನಾಲಿಗೆ ಚುಚ್ಚುತ್ತದೆ, ಆ ನಯ ಇರುವುದಿಲ್ಲ.

ಸ್ಟೌಟಿಗೆ ಹೊಸಬರಾದರೆ ಯಂಗ್ಸ್. ಕಡು ಕಾಫಿ ಇಷ್ಟಪಡುವವರಿಗೆ ಬ್ರೂಕ್ಲಿನ್, ನಮ್ಮ ಓಟೂ ಅದಕ್ಕೇ. ಯಾವುದರ ಜೊತೆಗೂ ಅತಿ ಸಿಹಿ ತಿಂಡಿ ಬೇಡ, ಬಿಯರ್ ಸಪ್ಪೆಯಾಗಿ ಹುಳಿ ಎದ್ದು ಕಾಣುತ್ತದೆ. ಯಂಗ್ಸ್ ತಾಜಾ ಇದ್ದಾಗಲೇ ಮುಗಿಸಿ. ಬ್ರೂಕ್ಲಿನ್ ತಂಪು ಕತ್ತಲಲ್ಲಿ ವರ್ಷಗಟ್ಟಲೆ ಇಟ್ಟರೂ ಮಾಗುತ್ತದೆ.