ಓದಿ ಹೇಳುವ ಯಂತ್ರ: ಆರು ತಿಂಗಳು ಬಳಸಿದ ಮೇಲೆ

ನನಗೆ ಓಡಾಡೋಕೆ ತೊಂದರೆಯಿಲ್ಲ. ಬಾಗಿಲು, ಗೋಡೆ, ಎದುರು ಬರುವವರು ಎಲ್ಲ ಕಣ್ಣಂಚಿನಲ್ಲಿ ಕಾಣುತ್ತಾರೆ. ಆದರೆ ನೇರ ನೋಡಿದ ಕಡೆ ಮಾತ್ರ ಒಂದು ಬೂದು ಮಚ್ಚೆ, ಓದಬೇಕಾದ ಅಕ್ಷರ ಸರಿಯಾಗಿ ಅಲ್ಲೇ ಕೂತಿರುತ್ತದೆ. ಭೂತಗನ್ನಡಿಯಲ್ಲಿ ಸ್ವಲ್ಪ ದಿನ ತಳ್ಳಿದೆ. ಅದೂ ಸಾಲದಾದಾಗ ಈ ಯಂತ್ರ ತಗೊಂಡೆ.

ನೋಡೋಕೆ ಟೇಬಲ್ ಲ್ಯಾಂಪ್ ಥರ. ಬಾಗಿದ ಕತ್ತು, ತುದಿಯಲ್ಲಿ ಕ್ಯಾಮೆರಾ. ಪುಸ್ತಕ ಕೆಳಗಿಟ್ಟು ಗುಂಡಿ ಒತ್ತಿದರೆ ಪುಟದ ಫೋಟೊ ತೆಗೆದು, ಅಕ್ಷರ ಗುರುತಿಸಿ, ಗಟ್ಟಿಯಾಗಿ ಓದುತ್ತದೆ. ಇಂಥದ್ದು ಹಿಂದೆಯೂ ಇದ್ದವು. 1913ರಲ್ಲಿ ಕಣ್ಣು ಕಾಣದವರಿಗಾಗಿ ಆಪ್ಟೊಫೋನ್ ಅಂತ ಒಂದು ಯಂತ್ರ ಬಂದಿತ್ತು, ಅದು ಓದುತ್ತಿರಲಿಲ್ಲ, ಒಂದೊಂದು ಅಕ್ಷರದ ಆಕಾರಕ್ಕೂ ಒಂದೊಂದು ರಾಗ ಹೊರಡಿಸುತ್ತಿತ್ತು, ಅದನ್ನು ಕೇಳಿ ಇದು ಯಾವ ಅಕ್ಷರ ಅಂತ ನಾವೇ ಕಲಿಯಬೇಕಿತ್ತು. 1976ರಲ್ಲಿ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ತಂದ ಯಂತ್ರ ನಿಜವಾಗಿ ಓದಿತು, ಆದರೆ ಅದರ ಗಾತ್ರ ಬಟ್ಟೆ ಒಗೆಯುವ ಮೆಷಿನ್ನಿನಷ್ಟು. ಅದನ್ನೆಲ್ಲ ನೆನೆಸಿಕೊಂಡರೆ ಮೇಜಿನ ಮೂಲೆಯಲ್ಲಿ ಕೂರುವ ಇದರ ಮೇಲೆ ದೂರು ಹೇಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳುತ್ತೇನೆ.

ಇಂಗ್ಲಿಷ್ ಪುಟ ಸಲೀಸಾಗಿ ಓದುತ್ತದೆ. ಕನ್ನಡಕ್ಕೆ ಬಂದರೆ ತಮಾಷೆ ಶುರು. ನಮ್ಮ ಅರ್ಕಾವತ್ತು, ಕನ್ನಡದ ಒಂಬತ್ತು, ಎರಡೂ ನೋಡೋಕೆ ಅವಳಿ ಅಲ್ವಾ? 'ಸೂರ್ಯ' ಅಂತ ಅರ್ಕಾವತ್ತು ಹಾಕಿ ಅಚ್ಚಾಗಿದ್ದರೆ ಇದು 'ಸೂಯ ಒಂಬತ್ತು' ಅನ್ನುತ್ತದೆ. ಅನುಸ್ವಾರಕ್ಕೂ ಅದೇ ಗತಿ. 'ಸಂತೆ'ಯನ್ನು 'ಸ ಸೊನ್ನೆ ತೆ' ಅಂತ ಓದಿದಾಗ ಒಬ್ಬನೇ ಕೂತು ನಕ್ಕಿದ್ದೇನೆ. ಹಳೇ ಅಚ್ಚಿನ ಪುಸ್ತಕದಲ್ಲಿ ಸಾಲುಗಳು ಒತ್ತೊತ್ತಾಗಿದ್ದರೆ ಇನ್ನೂ ಕಷ್ಟ, ಮೇಲಿನ ಸಾಲಿನ ಒತ್ತಕ್ಷರ ಜಾರಿ ಕೆಳಗಿನ ಸಾಲಿಗೆ ಸೇರಿಬಿಡುತ್ತದೆ. ಒಂದು ವಾರ ಕೇಳಿದರೆ ಕಿವಿ ತಾನೇ ತಿದ್ದಿಕೊಳ್ಳುತ್ತದೆ.

ಕಿವಿ ತಿದ್ದಿಕೊಳ್ಳಲಾಗದ್ದು ಅಂಕಿ. ಒಂದು ದಿನ ಮಾತ್ರೆಯ ಡಬ್ಬಿ ಇಟ್ಟೆ. ಅದರ ಮೇಲಿದ್ದದ್ದು 0.5 ಮಿಲಿಗ್ರಾಂ. ಚುಕ್ಕಿ ಸಣ್ಣದು, ಡಬ್ಬಿ ಮಿಂಚುವಂಥದ್ದು, ಬೆಳಕು ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಯಂತ್ರ 'ಐದು ಮಿಲಿಗ್ರಾಂ' ಅಂತು. ಒಂದಿಷ್ಟೂ ತಡವರಿಸಲಿಲ್ಲ! ಕಥೆಯಲ್ಲಿ ಪದ ತಪ್ಪಿದರೆ ವಾಕ್ಯ ಕೇಳಿದಾಗಲೇ ಗೊತ್ತಾಗುತ್ತದೆ, ಅಂಕಿ ತಪ್ಪಿದರೆ ಅದೂ ಸರಿಯಾದ ಅಂಕಿಯ ಥರಾನೇ ಕೇಳಿಸುತ್ತೆ. ಅವತ್ತಿಂದ ಡಬ್ಬಿಯನ್ನು ಓರೆ ಮಾಡಿ ಎರಡು ಸಲ ಓದಿಸುತ್ತೇನೆ, ಔಷಧಿ ಆದರೆ ಕಣ್ಣಿರುವವರನ್ನೂ ಒಮ್ಮೆ ಕೇಳುತ್ತೇನೆ.

ಈಗ ನನ್ನ ದೊಡ್ಡ ತಕರಾರು. ಇದನ್ನು ಮಾಡಿದವರು ದನಿಗೆ ತುಂಬ ತಲೆ ಕೆಡಿಸಿಕೊಂಡಿದ್ದಾರೆ, ಗಂಡು ದನಿ, ಹೆಣ್ಣು ದನಿ, ಮೆತ್ತಗೆ, ಇಂಪಾಗಿ, ಎಲ್ಲ ಇದೆ. ನನಗೆ ದನಿ ತಗಡು ಬಡಿದಂತಿದ್ದರೂ ನಡೆಯುತ್ತದೆ, ಹೇಗೂ ಈಗ ಎರಡರಷ್ಟು ವೇಗದಲ್ಲಿ ಕೇಳುತ್ತೇನೆ. ನನಗೆ ಬೇಕಿದ್ದದ್ದು ಹಿಂದೆ ಹೋಗುವ ಗುಂಡಿ. ಕಣ್ಣಲ್ಲಿ ಓದುವಾಗ ನಾವು ಸಾಲಿಗೆ ಹತ್ತು ಸಲ ಹಿಂದೆ ಮುಂದೆ ಹೋಗುತ್ತಿದ್ದೆವು, ಗೊತ್ತೇ ಆಗುತ್ತಿರಲಿಲ್ಲ. ಇದರಲ್ಲಿ ಒಂದು ವಾಕ್ಯ ಹಿಂದೆ ಹೋಗಬೇಕಾದರೆ ನಿಲ್ಲಿಸು, ಮೆನುಗೆ ಹೋಗು, ಆರಿಸು, ಮತ್ತೆ ಒತ್ತು. ಅಷ್ಟರಲ್ಲಿ ಏನು ತಪ್ಪಿಹೋಯಿತು ಅನ್ನೋದೇ ಮರೆತಿರುತ್ತದೆ. ಒಂದು ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳು ಅಂದರೂ ಅದೇ ಸುತ್ತು.

ದಪ್ಪ ಪುಸ್ತಕದ ಹೊಲಿಗೆ ಹತ್ತಿರ ಪುಟ ಬಾಗಿರುತ್ತದಲ್ಲ, ಅಲ್ಲಿನ ಪದ ನುಂಗುತ್ತದೆ. ಅಂಗೈಯಲ್ಲಿ ಒತ್ತಿ ಹಿಡಿದರೆ ಸರಿ. ಕೈಬರಹ ಸುಮ್ನೆ ಬಿಟ್ಟುಬಿಡಿ.

ಫೋನಿನಲ್ಲೇ ಈ ಕೆಲಸ ಮಾಡುವ ಉಚಿತ ಆ್ಯಪ್‌ಗಳಿವೆ, 2017ರಲ್ಲಿ ಬಂದ ಮೈಕ್ರೋಸಾಫ್ಟಿನ ಸೀಯಿಂಗ್ ಎಐ ಥರದ್ದು. ಚೀಟಿ, ಲಕೋಟೆ, ಡಬ್ಬಿಗೆ ಅವು ಸಾಕು. ಆದರೆ ಕೆಲವು ಆ್ಯಪ್ ಫೋಟೊವನ್ನು ಇಂಟರ್‌ನೆಟ್‌ಗೆ ಕಳಿಸಿ ಓದುತ್ತವೆ, ಬ್ಯಾಂಕಿನ ಕಾಗದ ಹಿಡಿಯುವ ಮುಂಚೆ ಸೆಟ್ಟಿಂಗ್ ನೋಡಿಕೊಳ್ಳಿ. ನನ್ನ ಯಂತ್ರ ತನ್ನೊಳಗೇ ಓದುತ್ತದೆ, ಇಂಟರ್‌ನೆಟ್ ಬೇಕಿಲ್ಲ, ಎರಡೂ ಕೈ ಪುಸ್ತಕಕ್ಕೆ ಬಿಡುವು. ಮುನ್ನೂರು ಪುಟದ ಕಾದಂಬರಿಗೆ ಫೋನ್ ಹಿಡಿದು ಕೂತರೆ ತೋಳು ಬಿದ್ದುಹೋಗುತ್ತೆ.

ಪುಸ್ತಕ ಓದುವವರಾದರೆ ತಗೊಳ್ಳಿ ಅಂತಲೇ ನನ್ನ ಮಾತು. ಆದರೆ ಕೊಳ್ಳುವ ಮುಂಚೆ ನಿಮ್ಮದೇ ಒಂದು ಹಳೇ ಕನ್ನಡ ಪುಸ್ತಕ, ಒಂದು ಮಿಂಚುವ ಮಾತ್ರೆ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಮಾರುವವರು ಇಡುವ ಮಾದರಿ ಹಾಳೆಯನ್ನು ಎಲ್ಲ ಯಂತ್ರವೂ ಚೆನ್ನಾಗೇ ಓದುತ್ತದೆ.